ಮೆಷಿನ್‌ನಲ್ಲಿ ‘ಕಮ್ಯುನಿಕೇಷನ್ ಎರರ್’: ನಮ್ಮ ಕೊಡಗಿನ ಓನರ್‌ಗಳು, ಆಪರೇಟರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಾವೇರಿ ಸಂಕ್ರಮಣ ಕಳೆಯಿತು ಅಂದರೆ ನನ್ನ ಫೋನ್‌ಗೆ ಬಿಡುವಿಲ್ಲ. ಮಳೆಗಾಲ ಪೂರ್ತಿ ಶೆಡ್‌ನಲ್ಲೋ ತೋಟದ ಮೂಲೆಯಲ್ಲೋ ನಿಂತಿದ್ದ ಮೆಷಿನ್‌ಗಳನ್ನು ಎಲ್ಲರೂ ಒಂದೇ ಸಲ ಸ್ಟಾರ್ಟ್ ಮಾಡುವ ಸಮಯ ಅದು. ಕೆಲವು ಸ್ಟಾರ್ಟ್ ಆಗುತ್ತವೆ, ಕೆಲವು ಸ್ಕ್ರೀನ್ ಮೇಲೆ ಕೆಂಪು ಅಕ್ಷರ ತೋರಿಸಿ ಸುಮ್ನೆ ಕೂರುತ್ತವೆ. ನಾನು ಮೆಷಿನ್ ವೈರಿಂಗ್ ಕೆಲಸದವನು. ಫೋನ್‌ನಲ್ಲಿ ಹೇಳಿದ್ದನ್ನೇ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲಿ ಬರೆದಿಟ್ಟಿದ್ದೇನೆ. ನಮ್ಮಲ್ಲಿ ಅಗೆಯುವ ದೊಡ್ಡ ಮೆಷಿನ್ ಯಾವ ಕಂಪೆನಿಯದಾದರೂ ‘ಹಿಟಾಚಿ’, ಬ್ಯಾಕ್‌ಹೋ ಯಾವುದಾದರೂ ‘ಜೆಸಿಬಿ’. ಇಲ್ಲಿ ಕಂಪೆನಿ ಹೆಸರು ಬೇಡ. ಈ ಕಾಯಿಲೆ ಎಲ್ಲ ಕಂಪೆನಿಗೂ ಒಂದೇ.

ಸ್ಕ್ರೀನ್‌ನಲ್ಲಿ ಕಮ್ಯುನಿಕೇಷನ್ ಎರರ್ ಬಂತು, ಎಂಜಿನ್ ಸ್ಟಾರ್ಟ್ ಆಗ್ತಿಲ್ಲ. ಇಸಿಎಂ ಹೋಯ್ತಾ ಅಣ್ಣ?

ಹೋಗಿರಲಿಕ್ಕಿಲ್ಲ. ಇಸಿಎಂ ಅಂದರೆ ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ಕಂಟ್ರೋಲರ್ ಡಬ್ಬಿ. ಎಲ್ಲರೂ ಮೊದಲು ಕೇಳುವುದು ಇದನ್ನೇ, ಯಾಕಂದರೆ ಇಸಿಎಂ ಬೆಲೆ ಕೇಳಿದರೆ ಆ ವರ್ಷದ ಮೆಣಸಿನ ದುಡ್ಡು ಮುಗಿದ ಹಾಗೆ. ನಾನು ನೋಡಿದ ಕೇಸ್‌ಗಳಲ್ಲಿ ಬ್ಯಾಟರಿ, ಅರ್ತ್, ಫ್ಯೂಸ್, ಕನೆಕ್ಟರ್, ಉಜ್ಜಿಹೋದ ವೈರ್, ಇಲಿ ಕಡಿದ ವೈರ್ ಇವೇ ಜಾಸ್ತಿ. ಇಸಿಎಂ ನಿಜಕ್ಕೂ ಸತ್ತದ್ದು ಬಹಳ ಕಡಿಮೆ, ಅದರಲ್ಲೂ ಹೆಚ್ಚಿನವು ತಾನಾಗಿ ಸತ್ತದ್ದಲ್ಲ, ನಾವೇ ವೆಲ್ಡಿಂಗ್ ಮಾಡಿ ಕೊಂದದ್ದು. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ಯಾರು ಯಾರ ಜೊತೆ ಮಾತಾಡೋದು? ಮೆಷಿನ್ ಒಳಗೆ ಎಂಥ ಕಮ್ಯುನಿಕೇಷನ್?

ಹಳೆಯ ಮೆಷಿನ್‌ನಲ್ಲಿ ಆಕ್ಸಿಲರೇಟರ್‌ನಿಂದ ಪಂಪ್‌ಗೆ ಕೇಬಲ್ ಇರುತ್ತಿತ್ತು. ಈಗಿನದರಲ್ಲಿ ಎಂಜಿನ್‌ಗೆ ಒಂದು ಕಂಟ್ರೋಲರ್, ಹೈಡ್ರಾಲಿಕ್ ಪಂಪ್‌ಗೆ ಒಂದು, ಮುಂದಿನ ಮಾನಿಟರ್ ಒಂದು, ಕಂಪೆನಿಗೆ ಸುದ್ದಿ ಕಳಿಸುವ ಡಬ್ಬಿ ಒಂದು. ಎಲ್ಲವೂ ಒಂದಕ್ಕೊಂದು ಹೆಣೆದ ಎರಡು ವೈರ್ ಮೇಲೆ ಕೂತಿರುತ್ತವೆ. ಒಂದು ವೈರ್ ಹೆಸರು ಕ್ಯಾನ್ ಹೈ, ಇನ್ನೊಂದು ಕ್ಯಾನ್ ಲೋ. ಜರ್ಮನಿಯ ಬಾಷ್ ಕಂಪೆನಿ ಈ ‘ಕ್ಯಾನ್’ ಪದ್ಧತಿಯನ್ನು 1986ರಲ್ಲಿ ಕಾರುಗಳಿಗಾಗಿ ಹೊರತಂದದ್ದು, ಈಗ ಲಾರಿ, ಟ್ರ್ಯಾಕ್ಟರ್, ಮಣ್ಣು ಕೆಲಸದ ಮೆಷಿನ್ ಎಲ್ಲದರಲ್ಲೂ ಉಂಟು. ನಮ್ಮ ಮೆಷಿನ್‌ಗಳಲ್ಲಿ ಆ ವೈರ್ ಮೇಲೆ ಆಡುವ ಭಾಷೆ ಹೆಚ್ಚಾಗಿ ಎಸ್‌ಎಇ ಜೆ 1939, ವೇಗ ಸೆಕೆಂಡಿಗೆ 250 ಕಿಲೋಬಿಟ್, ಹೊಸತರಲ್ಲಿ 500.

ಕಟ್ಟೆಯಲ್ಲಿ ಕೂತ ಊರವರ ಹಾಗೆ ಅಂದುಕೊಳ್ಳಿ. ಒಬ್ಬ ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ, ಬೇಕಾದವನು ಕಿವಿ ಕೊಡುತ್ತಾನೆ, ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಸಣ್ಣ ನಂಬರ್ ಇರುವವನ ಮಾತು ಮುಂದೆ ಹೋಗುತ್ತದೆ, ಇನ್ನೊಬ್ಬ ಸುಮ್ಮನಾಗಿ ಆಮೇಲೆ ಹೇಳುತ್ತಾನೆ. ಎಂಜಿನ್ ಕಂಟ್ರೋಲರ್ ‘ನಾನು ಇಷ್ಟು ಆರ್‌ಪಿಎಂನಲ್ಲಿದ್ದೇನೆ’ ಎಂದು ಸೆಕೆಂಡಿಗೆ ಎಷ್ಟೋ ಸಲ ಕೂಗುತ್ತಲೇ ಇರುತ್ತದೆ. ಆ ಕೂಗು ಸ್ವಲ್ಪ ಹೊತ್ತು ಕೇಳದಿದ್ದರೆ ಪಂಪ್ ಕಂಟ್ರೋಲರ್ ಹೆದರಿ ಎರರ್ ಹಾಕುತ್ತದೆ. ಅಂದರೆ ಎರರ್ ಹಾಕಿದವನು ಕಳ್ಳ ಅಲ್ಲ, ದೂರು ಕೊಟ್ಟವನು. ಇದು ತಲೆಯಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ.

ನಮ್ಮ ಬ್ಯಾಕ್‌ಹೋ ಹಳೆಯದು, ಇಂಥ ತೊಂದರೆ ಯಾವತ್ತೂ ಬಂದಿರಲಿಲ್ಲ. ಹೊಸತು ತಗೊಂಡ ಮೇಲೆ ಶುರುವಾಯ್ತು, ಯಾಕೆ?

ಚಕ್ರ ಇರುವ ಮಣ್ಣು ಕೆಲಸದ ವಾಹನಗಳಿಗೆ 2021ರ ಏಪ್ರಿಲ್‌ನಿಂದ ಹೊಗೆಯ ನಿಯಮ ಬಿಗಿಯಾಯಿತು. ಆಮೇಲೆ ಬಂದ ಬ್ಯಾಕ್‌ಹೋಗಳಲ್ಲಿ ಕಾಮನ್ ರೇಲ್ ಎಂಜಿನ್ (ಡೀಸೆಲ್ ಚಿಮ್ಮಿಸುವುದನ್ನು ಕಂಟ್ರೋಲರ್ ನೋಡಿಕೊಳ್ಳುವಂಥದ್ದು), ಇಸಿಎಂ, ಒಂದಷ್ಟು ಸೆನ್ಸರ್ ಎಲ್ಲಾ ಬಂದವು. ವೈರ್ ಜಾಸ್ತಿಯಾದ ಮೇಲೆ ವೈರಿನ ರೋಗವೂ ಜಾಸ್ತಿ. ಡೀಸೆಲ್ ಕಮ್ಮಿ ಕುಡಿಯುತ್ತದಲ್ವಾ, ಅದಕ್ಕೆ ಇದೂ ಜೊತೆಗೆ ಬರುತ್ತದೆ.

ಎಲ್ಲಿಂದ ಶುರು ಮಾಡಬೇಕು?

ಮೊದಲು ಸ್ಕ್ರೀನ್ ಫೋಟೋ ತೆಗೆಯಿರಿ, ಕೋಡ್ ಅಳಿಸಬೇಡಿ. ಬಕೆಟ್ ನೆಲಕ್ಕೆ ಇಳಿಸಿ, ಹೈಡ್ರಾಲಿಕ್ ಲಾಕ್ ಹಾಕಿ. ಆಮೇಲೆ ಬ್ಯಾಟರಿ.

ಹೌದು, ಬ್ಯಾಟರಿ. ದೊಡ್ಡ ಮೆಷಿನ್‌ಗಳಲ್ಲಿ 12 ವೋಲ್ಟ್‌ನ ಎರಡು ಬ್ಯಾಟರಿ ಸೇರಿ 24. ಅದರಲ್ಲಿ ಒಂದು ಮುದುಕನಾಗಿದ್ದರೆ ಸುಮ್ಮನಿರುವಾಗ ವೋಲ್ಟ್ ಸರಿ ತೋರಿಸಿ, ಸ್ಟಾರ್ಟರ್ ತಿರುಗುವಾಗ ಧೊಪ್ಪನೆ ಕೆಳಗೆ ಬೀಳುತ್ತದೆ. ಆ ಒಂದು ಕ್ಷಣ ಕಂಟ್ರೋಲರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ, ಉಳಿದವರೆಲ್ಲ ‘ಅವನ ಮಾತು ಕೇಳಿಸಲಿಲ್ಲ’ ಎಂದು ದೂರು ಬರೆಯುತ್ತಾರೆ. ಅದಕ್ಕೇ ಮೀಟರ್ ಹಿಡಿದುಕೊಂಡೇ ಸ್ಟಾರ್ಟ್ ಹೊಡೆಸಿ, ಎರಡು ಬ್ಯಾಟರಿಯನ್ನೂ ಬೇರೆ ಬೇರೆ ನೋಡಿ.

ನಂತರ ಫ್ಯೂಸ್, ನಂತರ ಅರ್ತ್. ಅರ್ತನ್ನು ಕಣ್ಣಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೀ ಆನ್ ಮಾಡಿ, ಲೈಟ್ ಎಲ್ಲಾ ಹಾಕಿ, ಮೀಟರಿನ ಒಂದು ಮೊನೆ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಕಂಟ್ರೋಲರಿನ ಅರ್ತ್ ವೈರ್‌ಗೆ ಹಿಡಿಯಿರಿ. 0.1, 0.2 ವೋಲ್ಟ್ ಒಳಗಿದ್ದರೆ ಸರಿ. ಒಂದು ವೋಲ್ಟ್ ಹತ್ತಿರ ಬಂದರೆ ಕಳ್ಳ ಅಲ್ಲೇ. ಸೋಮವಾರಪೇಟೆ ಕಡೆ ಒಂದು ತೋಟದಲ್ಲಿ ಕೆರೆ ತೆಗೆಯುತ್ತಿದ್ದ ಮೆಷಿನ್‌ಗೆ ನಾನೇ ಒಂದೂವರೆ ದಿನ ಕಳೆದೆ, ಹಾರ್ನೆಸ್, ಅಂದರೆ ವೈರ್‌ಗಳ ಕಟ್ಟು, ಅರ್ಧ ಬಿಚ್ಚಿದ್ದೆ. ಕೊನೆಗೆ ಸಿಕ್ಕಿದ್ದು ಕ್ಯಾಬಿನ್ ಹಿಂದಿನ ಒಂದು ಅರ್ತ್ ಬೋಲ್ಟ್. ಯಾರೋ ಪೈಂಟ್ ಹೊಡೆಸುವಾಗ ಅದರ ಅಡಿಗೂ ಪೈಂಟ್ ಹೊಡೆದಿದ್ದರು. ಉಜ್ಜಿ ಬಿಗಿ ಮಾಡಲು ಹತ್ತು ನಿಮಿಷ ಹಿಡಿಯಿತು. ಒಂದೂವರೆ ದಿನಕ್ಕೆ ಕೂಲಿ ಕೇಳಲು ನಾಚಿಕೆಯಾಗಿ ಅರ್ಧ ದಿನದ್ದು ತಗೊಂಡು ಬಂದೆ.

60 ಓಮ್ಸ್ ಅಂತ ಎಲ್ಲರೂ ಹೇಳ್ತಾರೆ. ಅದು ಏನು, ಹೇಗೆ ಅಳೆಯೋದು?

ಕ್ಯಾನ್ ಲೈನಿನ ಎರಡು ತುದಿಯಲ್ಲೂ 120 ಓಮ್ಸ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ತುದಿ ತಲುಪಿದ ಸಿಗ್ನಲ್ ಗೋಡೆಗೆ ಬಡಿದ ಚೆಂಡಿನ ಹಾಗೆ ವಾಪಸ್ ಬರಬಾರದು, ಅದಕ್ಕೆ. 120ರ ಎರಡು ಪಕ್ಕಪಕ್ಕ ಸೇರಿದರೆ 60.

ಅಳೆಯುವಾಗ ಬ್ಯಾಟರಿ ಕಟ್‌ಆಫ್ ಮಾಡಲೇಬೇಕು. ಕರೆಂಟ್ ಇರುವಾಗ ಓಮ್ಸ್ ಅಳೆದರೆ ಮೀಟರ್ ಬಾಯಿಗೆ ಬಂದದ್ದು ಹೇಳುತ್ತದೆ. ಸ್ಕ್ಯಾನರ್ ಸಿಕ್ಕಿಸುವ ಡಯಾಗ್ನೋಸ್ಟಿಕ್ ಸಾಕೆಟ್ ಹೆಚ್ಚಾಗಿ ಸೀಟಿನ ಹಿಂದೆ ಅಥವಾ ಫ್ಯೂಸ್ ಬಾಕ್ಸ್ ಪಕ್ಕ ಇರುತ್ತದೆ. ಅದು 9 ಪಿನ್ನಿನ ದುಂಡಗಿನ ಜೆ 1939 ಸಾಕೆಟ್ ಆಗಿದ್ದರೆ ‘ಸಿ’ ಪಿನ್ ಕ್ಯಾನ್ ಹೈ, ‘ಡಿ’ ಪಿನ್ ಕ್ಯಾನ್ ಲೋ, ‘ಎ’ ಅರ್ತ್, ‘ಬಿ’ ಬ್ಯಾಟರಿ ಪ್ಲಸ್. ಬೇರೆ ತರಹದ ಸಾಕೆಟ್ ಆದರೆ ಡಯಾಗ್ರಮ್ ನೋಡಿಯೇ ಮುಟ್ಟಿ. ವೈರ್ ಬಣ್ಣ ಜೆ 1939 ಪ್ರಕಾರ ಹೈ ಹಳದಿ, ಲೋ ಹಸಿರು, ಆದರೆ ಎಲ್ಲ ಕಂಪೆನಿಯೂ ಅದನ್ನು ಪಾಲಿಸುವುದಿಲ್ಲ.

ಸಿ ಮತ್ತು ಡಿ ನಡುವೆ 60ರ ಆಸುಪಾಸು ಬಂದರೆ ಒಳ್ಳೆಯದು. 120 ಬಂದರೆ ಒಂದು ರೆಸಿಸ್ಟರ್ ಕಾಣೆಯಾಗಿದೆ, ಇಲ್ಲಾ ದಾರಿಯಲ್ಲಿ ವೈರ್ ತುಂಡಾಗಿದೆ. 40 ಬಂದರೆ ಮೂರನೆಯದೊಂದು ರೆಸಿಸ್ಟರ್ ಎಲ್ಲೋ ಸೇರಿಕೊಂಡಿದೆ, ತಪ್ಪು ಪಾರ್ಟ್ ಹಾಕಿರಬಹುದು. ಸೊನ್ನೆ ಹತ್ತಿರ ಬಂದರೆ ಎರಡು ವೈರೂ ಒಂದಕ್ಕೊಂದು ತಾಗಿವೆ. ಏನೂ ತೋರಿಸದಿದ್ದರೆ ಆ ಸಾಕೆಟ್‌ಗೆ ಬರುವ ಕವಲೇ ಕಡಿದಿರಬಹುದು, ಇಡೀ ಲೈನ್ ಹೋಗಿದೆ ಎಂದು ಗಾಬರಿ ಬೇಡ. ಒಂದು ಮೆಷಿನ್‌ನಲ್ಲಿ ಎರಡು ಮೂರು ಬೇರೆ ಬೇರೆ ಕ್ಯಾನ್ ಲೈನ್ ಇರುವುದೂ ಉಂಟು, ಎರರ್ ಬಂದದ್ದು ಯಾವುದರಲ್ಲಿ ಎಂದು ನೋಡಿಕೊಳ್ಳಿ.

ಈ ರೆಸಿಸ್ಟರ್ ಕೆಲವು ಮೆಷಿನ್‌ನಲ್ಲಿ ಕಂಟ್ರೋಲರ್ ಒಳಗೇ ಇರುತ್ತದೆ. ಕೆಲವದರಲ್ಲಿ ವೈರ್ ತುದಿಯಲ್ಲಿ ಮುಚ್ಚಳದ ಹಾಗೆ ಕಾಣುವ ಸಣ್ಣ ಪ್ಲಗ್. ವಿರಾಜಪೇಟೆ ಹತ್ತಿರ ಒಬ್ಬ ಹುಡುಗ, ಒಳ್ಳೆಯ ಆಪರೇಟರ್, ಅದನ್ನು ‘ಸುಮ್ನೆ ಕೂತಿದೆ, ಖಾಲಿ ಮುಚ್ಚಳ’ ಎಂದು ಕಿತ್ತು ಜೇಬಿಗೆ ಹಾಕಿಕೊಂಡಿದ್ದ. ಮೆಷಿನ್ ಒಮ್ಮೆ ಓಡುತ್ತಿತ್ತು, ಒಮ್ಮೆ ಇಲ್ಲ. ನಾನು 120 ಬಂತು ಅಂದಾಗ ಅವನೇ ಜೇಬಿಂದ ತೆಗೆದು ‘ಇದಾ ಅಣ್ಣ?’ ಎಂದ.

60 ಸರಿಯಾಗಿ ಬಂತು. ಆದರೂ ಎರರ್ ಹೋಗ್ಲಿಲ್ಲ. ಈಗ?

60 ಬಂತು ಅಂದರೆ ಎಲ್ಲಾ ಸರಿ ಅಂತ ಅಲ್ಲ. ಲೈನಿನ ಎರಡು ತುದಿ ಸರಿ, ಅಷ್ಟೇ. ಒಂದು ವೈರ್ ಮೆಷಿನ್ನಿನ ಕಬ್ಬಿಣದ ಬಾಡಿಗೆ ತಾಗಿದ್ದರೂ 60 ಬರುತ್ತದೆ, ಮಧ್ಯದ ಒಂದು ಕಂಟ್ರೋಲರ್‌ಗೆ ಹೋಗುವ ಕವಲು ಕಡಿದಿದ್ದರೂ 60 ಬರುತ್ತದೆ, ಆ ಕಂಟ್ರೋಲರ್‌ಗೆ ಕರೆಂಟೇ ಹೋಗದಿದ್ದರೂ 60 ಬರುತ್ತದೆ.

ಬ್ಯಾಟರಿ ಆಫ್ ಇರುವಾಗಲೇ ಹೈನಿಂದ ಬಾಡಿಗೆ, ಲೋನಿಂದ ಬಾಡಿಗೆ ಓಮ್ಸ್ ನೋಡಿ. ಸಾವಿರಗಳಲ್ಲಿರಬೇಕು. ಐದೋ ಹತ್ತೋ ಓಮ್ಸ್ ಬಂದರೆ ವೈರ್ ಎಲ್ಲೋ ಕಬ್ಬಿಣಕ್ಕೆ ಉಜ್ಜಿದೆ. ಆಮೇಲೆ ಕೀ ಆನ್ ಮಾಡಿ ವೋಲ್ಟ್ ನೋಡಿ. ಯಾರೂ ಮಾತಾಡದಾಗ ಎರಡೂ ವೈರ್ 2.5 ವೋಲ್ಟ್‌ನಲ್ಲಿ ಇರುತ್ತವೆ. ಮಾತಾಡುವಾಗ ಹೈ 3.5ಕ್ಕೆ ಏರಿ ಲೋ 1.5ಕ್ಕೆ ಇಳಿಯುತ್ತದೆ. ಅದು ಎಷ್ಟು ಬೇಗ ಅಂದರೆ ಸಾದಾ ಮೀಟರ್‌ಗೆ ಕಾಣುವುದಿಲ್ಲ, ಸರಾಸರಿ ತೋರಿಸುತ್ತದೆ. ಹಾಗಾಗಿ ಹೈನಲ್ಲಿ 2.6, 2.8 ಹೀಗೆ, ಲೋನಲ್ಲಿ 2.2, 2.4 ಹೀಗೆ ಬರಬೇಕು. ಎರಡನ್ನೂ ಕೂಡಿಸಿದರೆ 5ರ ಹತ್ತಿರ. ಎರಡೂ 2.5ರಲ್ಲೇ ಅಲ್ಲಾಡದೆ ಕೂತಿದ್ದರೆ ಯಾರೂ ಮಾತಾಡುತ್ತಿಲ್ಲ. ಎರಡೂ ಸೊನ್ನೆಯಾದರೆ ಬಾಡಿಗೆ ತಾಗಿದೆ ಅಥವಾ ಯಾವ ಕಂಟ್ರೋಲರ್‌ಗೂ ಕರೆಂಟ್ ಇಲ್ಲ. 5 ದಾಟಿ 12, 24 ಕಡೆ ಹೋದರೆ ತಕ್ಷಣ ಕೀ ಆಫ್ ಮಾಡಿ. ಬ್ಯಾಟರಿ ಪ್ಲಸ್ ಬಂದು ಸೇರಿದೆ, ಇದು ಕಂಟ್ರೋಲರನ್ನು ನಿಜಕ್ಕೂ ಸುಡಬಹುದು.

ಯಾವ ಕಂಟ್ರೋಲರ್ ಕಡೆ ತೊಂದರೆ ಅಂತ ಹೇಗೆ ಕಂಡುಹಿಡಿಯೋದು?

ಕೋಡ್ ಪಟ್ಟಿ ಓದಿ. ಜೆ 1939 ಕೋಡ್‌ನಲ್ಲಿ ಎರಡು ನಂಬರ್: ಎಸ್‌ಪಿಎನ್ ಅಂದರೆ ಯಾವುದರ ತೊಂದರೆ, ಎಫ್‌ಎಂಐ ಅಂದರೆ ಎಂಥ ತೊಂದರೆ. ಎಸ್‌ಪಿಎನ್ 639 ಬಂದರೆ ಕ್ಯಾನ್ ಲೈನಿನದೇ ದೂರು. ಎಫ್‌ಎಂಐ 9 ಅಂದರೆ ಸುದ್ದಿ ಸಮಯಕ್ಕೆ ಬರುತ್ತಿಲ್ಲ, 19 ಅಂದರೆ ಸುದ್ದಿ ಬಂತು ಆದರೆ ತಪ್ಪಾಗಿ ಬಂತು, 2 ಅಂದರೆ ಬಂದದ್ದು ನಂಬುವ ಹಾಗಿಲ್ಲ. ಕೆಲವು ಕಂಪೆನಿ ತಮ್ಮದೇ ನಂಬರ್ ಕೊಡುತ್ತವೆ, ಆಗ ಅವರ ಪುಸ್ತಕವೇ ಗತಿ.

ಮಾನಿಟರ್, ಪಂಪ್ ಕಂಟ್ರೋಲರ್ ಎರಡೂ ಎಂಜಿನ್ ಮೇಲೆ ದೂರು ಹೇಳುತ್ತಿದ್ದರೆ ಎಂಜಿನ್ ಕಂಟ್ರೋಲರಿನ ಕರೆಂಟ್, ಅರ್ತ್, ಅದರ ಕವಲು ನೋಡಿ. ಎಲ್ಲರೂ ಎಲ್ಲರ ಮೇಲೂ ದೂರು ಹೇಳುತ್ತಿದ್ದರೆ ದೊಡ್ಡ ಲೈನೇ ಕೆಟ್ಟಿದೆ. ಆಗ ಹಳೆಯ ಉಪಾಯ: ಕೀ ಆಫ್ ಮಾಡಿ ಒಂದು ಕಂಟ್ರೋಲರ್ ಕನೆಕ್ಟರ್ ತೆಗೆಯಿರಿ, ಮತ್ತೆ ಅಳೆಯಿರಿ, ವಾಪಸ್ ಹಾಕಿ, ಮುಂದಿನದು. ಯಾವುದನ್ನು ತೆಗೆದಾಗ ಲೈನ್ ಸರಿಹೋಗುತ್ತದೋ ತೊಂದರೆ ಅದರಲ್ಲಿ ಅಥವಾ ಅದರ ಕವಲಿನಲ್ಲಿ. ಒಳಗೆ ರೆಸಿಸ್ಟರ್ ಇರುವ ಕಂಟ್ರೋಲರ್ ತೆಗೆದಾಗ 60 ಹೋಗಿ 120 ಆಗುವುದು ಸಹಜ, ಅದನ್ನೇ ತೊಂದರೆ ಅಂದುಕೊಂಡು ಮೋಸ ಹೋಗಬೇಡಿ.

ಬೆಳಿಗ್ಗೆ ಮಂಜು ಇರುವಾಗ ಎರರ್, ಹತ್ತು ಗಂಟೆಗೆ ಬಿಸಿಲು ಬಂದರೆ ಸರಿ. ಮಳೆ ಬಂದರೆ ಮತ್ತೆ ಶುರು. ದೆವ್ವ ಗಿವ್ವ ಏನಾದ್ರೂ?

ದೆವ್ವ ಅಲ್ಲ, ನೀರು. ನಮ್ಮ ಊರಿನ ಸ್ಪೆಷಲ್ ಕಾಯಿಲೆ ಇದು. ಕನೆಕ್ಟರಿನ ರಬ್ಬರ್ ಸೀಲ್ ಹರಿದಿರುತ್ತದೆ ಅಥವಾ ಯಾರೋ ಬಿಚ್ಚಿದವರು ವಾಪಸ್ ಹಾಕಿರುವುದಿಲ್ಲ. ಒಳಗೆ ತೇವ ಹೋಗಿ ಪಿನ್ ಮೇಲೆ ಹಸಿರು ಪಾಚಿ ಕಟ್ಟುತ್ತದೆ, ತಾಮ್ರದ ತುಕ್ಕು ಅದು. ಮಡಿಕೇರಿ, ಭಾಗಮಂಡಲ ಕಡೆ ಜೂನ್‌ನಿಂದ ಬಟ್ಟೆಯೇ ಒಣಗುವುದಿಲ್ಲ, ಕನೆಕ್ಟರ್ ಎಲ್ಲಿ ಒಣಗುತ್ತದೆ? ಇನ್ನೊಂದು, ಪ್ರೆಶರ್ ವಾಷ್. ತಮ್ಮಂದಿರು ಕ್ಯಾಬಿನ್ ಕೆಳಗೆ, ಕಂಟ್ರೋಲರ್ ಇರುವ ಬಾಗಿಲ ಸಂದಿಗೆಲ್ಲ ನೇರ ಹೊಡೆಯುತ್ತಾರೆ. ಮಳೆ ಮಾಡದ ಕೆಲಸ ಅದು ಮಾಡುತ್ತದೆ.

ಹುಡುಕುವ ದಾರಿ: ಮೀಟರ್ ಸಾಕೆಟ್‌ಗೆ ಸಿಕ್ಕಿಸಿ ಒಬ್ಬರು ನೋಡುತ್ತಿರಿ, ಇನ್ನೊಬ್ಬರು ಹಾರ್ನೆಸನ್ನು ಒಂದೊಂದು ಅಡಿ ಹಿಡಿದು ಅಲ್ಲಾಡಿಸುತ್ತಾ ಹೋಗಲಿ. ಎಲ್ಲಿ ನಂಬರ್ ಕುಣಿಯುತ್ತದೋ ಅಲ್ಲಿ ನಿಲ್ಲಿ. ಬೂಮಿನ (ಮೆಷಿನ್ನಿನ ಉದ್ದ ಕೈಯ) ಬುಡ, ಕ್ಯಾಬಿನ್ ಕೆಳಗೆ ವೈರ್ ತೂರುವ ಜಾಗ, ಬ್ಯಾಟರಿ ಪೆಟ್ಟಿಗೆ ಪಕ್ಕ, ಎಂಜಿನ್ ಮೇಲಿನ ಕ್ಲ್ಯಾಂಪ್‌ಗಳು, ಇವೇ ಉಜ್ಜುವ ಜಾಗ. ಕನೆಕ್ಟರ್ ಬಿಚ್ಚಿದರೆ ಪಿನ್ ಹಿಂದಕ್ಕೆ ಸರಿದಿದೆಯಾ, ಸಡಿಲ ಆಗಿದೆಯಾ ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಚೆನ್ನಾಗಿ ಒಣಗಿಸಿ. ಉಪ್ಪು ಕಾಗದದಲ್ಲಿ ಪಿನ್ ಉಜ್ಜಬೇಡಿ, ಮೇಲಿನ ಲೇಪ ಹೋದರೆ ಮುಂದಿನ ಮಳೆಗೆ ಡಬಲ್ ಪಾಚಿ. ವೈರ್‌ಗೆ ಪಿನ್ ಚುಚ್ಚಿ ಅಳೆಯುವ ಚಟವೂ ಬೇಡ, ಆ ತೂತಲ್ಲೇ ನೀರು ಇಳಿಯುತ್ತದೆ.

ಇಲಿ ಕಡಿದಿದೆ. ಸೇರಿಸಿ ಟೇಪ್ ಸುತ್ತಿದರೆ ಸಾಕಾ?

ಹಾರ್ನ್ ವೈರ್‌ಗೆ ಸಾಕು, ಇದಕ್ಕೆ ಸಾಲದು. ಕ್ಯಾನ್ ವೈರ್ ಎರಡನ್ನೂ ಹೆಣೆದಿರುವುದು ಚಂದಕ್ಕಲ್ಲ. ಹೊರಗಿನ ಗಲಾಟೆ ಎರಡಕ್ಕೂ ಸಮ ತಾಗಿ ಒಂದಕ್ಕೊಂದು ಹೊಡೆದುಹೋಗಲಿ ಅಂತ. ಸೇರಿಸಿದ ಮೇಲೆ ಇಂಚಿಗೊಂದು ಸುತ್ತಿನ ಹಾಗೆ ಮತ್ತೆ ಹೆಣೆಯಿರಿ. ಎರಡರ ಜೋಡಣೆಯೂ ಒಂದೇ ಜಾಗದಲ್ಲಿ ಬೇಡ, ಸ್ವಲ್ಪ ಹಿಂದೆ ಮುಂದೆ ಇರಲಿ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಇಲಿಗೆ ಕೆಲವರು ಗಾಂಧಾರಿ ಮೆಣಸಿನ ಪುಡಿ, ಕೆಲವರು ನುಸಿ ಗುಳಿಗೆ ಇಡುತ್ತಾರೆ. ನಮ್ಮ ಊರಿನ ಇಲಿ ಎರಡಕ್ಕೂ ಬಗ್ಗಿದ್ದು ನಾನು ಕಂಡಿಲ್ಲ. ವಾರಕ್ಕೊಮ್ಮೆ ಬಾನೆಟ್ ತೆರೆದು, ಗೂಡು ಕಿತ್ತು, ಎಂಜಿನ್ ಓಡಿಸುವುದೇ ವಾಸಿ.

ಬಕೆಟ್ ಹಲ್ಲು ವೆಲ್ಡಿಂಗ್ ಮಾಡಿಸಿದ ಮಾರನೇ ದಿನವೇ ಎರರ್. ಸಂಬಂಧ ಉಂಟಾ?

ಖಂಡಿತ ಉಂಟು. ಅರ್ತ್ ಕ್ಲ್ಯಾಂಪನ್ನು ಟ್ರ್ಯಾಕ್‌ಗೋ ಬಾಡಿಗೋ ಕಚ್ಚಿಸಿ ಬಕೆಟ್‌ನಲ್ಲಿ ವೆಲ್ಡ್ ಮಾಡಿದರೆ ಆ ಕರೆಂಟ್ ಪೂರಾ ಮೆಷಿನ್ ಹಾದು ಹೋಗುತ್ತದೆ, ಬೇರಿಂಗ್, ಪಿನ್, ಕಂಟ್ರೋಲರ್ ಯಾವುದನ್ನೂ ಬಿಡುವುದಿಲ್ಲ. ಬ್ಯಾಟರಿಯ ಎರಡೂ ಕೇಬಲ್ ಬಿಚ್ಚಿ, ಪುಸ್ತಕದಲ್ಲಿ ಹೇಳಿದ್ದರೆ ಕಂಟ್ರೋಲರ್ ಕನೆಕ್ಟರ್ ಕೂಡ ತೆಗೆಯಿರಿ, ಕ್ಲ್ಯಾಂಪ್ ವೆಲ್ಡ್ ಮಾಡುವ ತುಂಡಿಗೇ ಹಾಕಿ. ಬಕೆಟ್ ಕಳಚಿ ಕೆಳಗಿಟ್ಟು ಮಾಡಿದರೆ ಇನ್ನೂ ಒಳ್ಳೆಯದು. ವೆಲ್ಡರ್ ‘ಎಂಥದೂ ಆಗಲ್ಲ ಸಾರ್’ ಅನ್ನುತ್ತಾನೆ. ಇಸಿಎಂಗೆ ದುಡ್ಡು ಕೊಡುವವನು ಅವನಲ್ಲ.

ಜಿಪಿಎಸ್ ಹಾಕಿಸಿದ ಮೇಲೆ ತೊಂದರೆ ಶುರುವಾಯ್ತು ಅಂತ ಆಪರೇಟರ್ ಹೇಳ್ತಾನೆ. ಸುಳ್ಳು ಅಲ್ವಾ?

ಸುಳ್ಳಾಗಬೇಕಿಲ್ಲ. ಡೀಸೆಲ್ ಲೆಕ್ಕಕ್ಕೆಂದು ಹಾಕುವ ಕೆಲವು ಜಿಪಿಎಸ್ ಡಬ್ಬಿಗಳನ್ನು ಕ್ಯಾನ್ ವೈರ್ ಸುಲಿದು ಅದರ ಮೇಲೇ ಸುತ್ತಿರುತ್ತಾರೆ. ಕವಲು ವೈರ್ ಉದ್ದಕ್ಕೂ ಒಂದು ಮಿತಿ ಉಂಟು. ಶೀಲ್ಡ್ (ವೈರ್ ಸುತ್ತ ಲೋಹದ ಹೊದಿಕೆ) ಇರುವ ಜೆ 1939 ಲೈನ್‌ಗೆ 1 ಮೀಟರ್, ಶೀಲ್ಡ್ ಇಲ್ಲದ್ದಕ್ಕೆ 3 ಮೀಟರ್. ಮೂರು ಸುತ್ತು ವೈರ್ ಸುರುಳಿ ಸುತ್ತಿ ಸೀಟಿನಡಿ ತುರುಕಿದ್ದನ್ನು ನಾನೇ ಕಂಡಿದ್ದೇನೆ. ಡಬ್ಬಿಯನ್ನು ಪೂರ್ತಿ ಬಿಚ್ಚಿ ಎರಡು ದಿನ ಓಡಿಸಿ ನೋಡಿ, ಯಾರ ಮಾತು ನಿಜ ಅಂತ ಗೊತ್ತಾಗುತ್ತದೆ. ಹಾಗೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂಡ. ಒಳಗಿನ ಡಯೋಡ್ ಹೋದರೆ ಎಂಜಿನ್ ಓಡುವಾಗ ಮಾತ್ರ ಎರರ್ ಬರಬಹುದು. ಮೀಟರನ್ನು ಎಸಿ ವೋಲ್ಟ್ ಅಳೆಯುವುದಕ್ಕೆ ಇಟ್ಟು ಬ್ಯಾಟರಿ ಮೇಲೆ ಹಿಡಿಯಿರಿ, ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಆಲ್ಟರ್ನೇಟರ್ ಬಿಚ್ಚಿಸಿ.

ಪಕ್ಕದ ತೋಟದಲ್ಲಿ ಅದೇ ಮಾಡೆಲ್ ಮೆಷಿನ್ ಉಂಟು. ಅದರ ಇಸಿಎಂ ತಂದು ಹಾಕಿ ನೋಡಬಹುದಾ?

ಬೇಡ. ಒಳಗಿನ ಪ್ರೋಗ್ರಾಂ, ಇಂಜೆಕ್ಟರ್ ನಂಬರ್ ಎಲ್ಲಾ ಆ ಮೆಷಿನ್‌ಗೇ ಬರೆದದ್ದು. ಅದಕ್ಕಿಂತ ದೊಡ್ಡ ಅಪಾಯ, ನಿಮ್ಮ ವೈರ್‌ನಲ್ಲಿ ಶಾರ್ಟ್ ಹಾಗೇ ಇದ್ದರೆ ಅವರದೂ ಸುಟ್ಟು, ಮದುವೆ ಮನೆಯಲ್ಲಿ ಮುಖ ನೋಡದ ಹಾಗೆ ಆಗುತ್ತದೆ.

ಸ್ಕ್ಯಾನರ್ ತಗೊಳ್ಳಲಾ?

ಒಂದೇ ಮೆಷಿನ್ ಇದ್ದರೆ ಬೇಡ, ಒಳ್ಳೆಯ ಮೀಟರ್ ತಗೊಳ್ಳಿ. ಕಾರಿಗೆ ಬರುವ ಅಗ್ಗದ ಬ್ಲೂಟೂತ್ ಡಬ್ಬಿಯನ್ನು ಇಲ್ಲಿ ನೆಚ್ಚಬೇಡಿ. 9 ಪಿನ್ ಸಾಕೆಟ್ ಕಪ್ಪು ಬಣ್ಣದ್ದಾದರೆ 250, ಹಸಿರಾದರೆ 500 ವೇಗದ ಲೈನ್, ಕೇಬಲ್ ಕೊಳ್ಳುವಾಗ ಇದು ಗೊತ್ತಿರಲಿ.

ಬರೆ (ಕಡಿದಾದ ಮಣ್ಣಿನ ಗೋಡೆ) ಕೆಳಗೆ ಕೆಲಸ ಮಾಡುವಾಗಲೇ ಎರರ್ ಬಂದು ಮೆಷಿನ್ ನಿಂತರೆ?

ಅಲ್ಲಿ ರಿಪೇರಿ ಮಾಡಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದದ್ದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನ ಮಣ್ಣು ಅಲ್ಲಾಡುತ್ತಿದ್ದರೆ ಮೆಷಿನ್ ಬಿಟ್ಟು ಆಪರೇಟರ್ ಹೊರಗೆ ಬರಲಿ. ಜಾಗ ಗಟ್ಟಿಯಿದ್ದರೆ, ಕೀ ಆಫ್ ಮಾಡಿ ಒಂದೆರಡು ನಿಮಿಷ ಬಿಟ್ಟು ಮತ್ತೆ ಆನ್ ಮಾಡಿ ನೋಡಿ. ಅನೇಕ ದೊಡ್ಡ ಮೆಷಿನ್‌ಗಳಲ್ಲಿ ಪಂಪ್ ಕಂಟ್ರೋಲರ್ ಕೆಟ್ಟಾಗ ಬಳಸಲು ಒಂದು ಎಮರ್ಜೆನ್ಸಿ ಸ್ವಿಚ್ ಇರುತ್ತದೆ, ಮುಚ್ಚಳದ ಕೆಳಗೆ. ಎಂಜಿನ್ ಓಡುತ್ತಿದ್ದರೆ ಅದನ್ನು ಹಾಕಿ ನಿಧಾನಕ್ಕೆ ಸಮತಟ್ಟು ಜಾಗಕ್ಕೆ ತರಬಹುದು. ಅದು ಎಲ್ಲಿದೆ ಎಂದು ಇವತ್ತೇ ಆಪರೇಟರ್‌ಗೆ ತೋರಿಸಿಡಿ, ಮಳೆಯಲ್ಲಿ ಟಾರ್ಚ್ ಹಿಡಿದು ಹುಡುಕುವ ಹಾಗೆ ಮಾಡಬೇಡಿ.

ಮಳೆಗಾಲಕ್ಕೆ ನಿಲ್ಲಿಸುವ ಮುಂಚೆ ಏನು ಮಾಡಬೇಕು?

ಎಲೆ, ಕಸ ತೆಗೆಯಿರಿ. ಬಾಗಿಲ ರಬ್ಬರ್ ನೋಡಿ. ಖಾಲಿ ಕನೆಕ್ಟರ್‌ಗಳಿಗೆ ಮುಚ್ಚಳ ಹಾಕಿ. ಕೀ ಆಫ್ ಮಾಡಿದ ತಕ್ಷಣ ಕಟ್‌ಆಫ್ ತಿರುಗಿಸಬೇಡಿ, ಕಂಟ್ರೋಲರ್‌ಗಳು ತಮ್ಮ ಲೆಕ್ಕ ಬರೆದು ಮಲಗಲಿ. ಮರದ ಕೆಳಗೆ ಬೇಡ, ಕೊಂಬೆಯೂ ಬೀಳುತ್ತದೆ, ಚಗಳಿ ಇರುವೆಯೂ ಇಳಿಯುತ್ತದೆ.

ನಿಮಗೆ ಫೋನ್ ಮಾಡುವಾಗ ಏನೇನು ಹೇಳಬೇಕು?

ಕೋಡ್ ನಂಬರ್, ಅದು ಈಗ ಇರುವುದಾ ಹಳೆಯದಾ, ಎಷ್ಟು ಗಂಟೆ ಓಡಿದ ಮೆಷಿನ್, ಕೊನೆಯ ಸಲ ಯಾರು ಏನು ಬಿಚ್ಚಿದರು. ಈ ಕೊನೆಯದನ್ನು ಎಲ್ಲರೂ ಮುಚ್ಚಿಡುತ್ತಾರೆ, ನನಗೆ ಬೇಕಾದ್ದು ಅದೇ. 60 ಅಳೆದಿದ್ದರೆ ಎಷ್ಟು ಬಂತು ಹೇಳಿ. ಮತ್ತೆ, ತೋಟದೊಳಗೆ ಸಿಗ್ನಲ್ ಇಲ್ಲ ಎಂದು ಗುಡ್ಡ ಹತ್ತಿ ಫೋನ್ ಮಾಡುವವರು, ಹತ್ತುವ ಮುಂಚೆ ಸ್ಕ್ರೀನ್ ಫೋಟೋ ತೆಗೆದುಕೊಂಡೇ ಹತ್ತಿ. ನಾನು ಕೇಳಿದ್ದಕ್ಕೆ ನೀವು ಮತ್ತೆ ಕೆಳಗಿಳಿದು ನೋಡಿ ಬರುವಷ್ಟರಲ್ಲಿ ನಾನು ಇನ್ನೊಂದು ಮೆಷಿನ್ ಅಡಿ ಮಲಗಿರುತ್ತೇನೆ.